ಎಡಕ್ಕೆ ಹೊರಳು, ಉಸಿರು ಹಿಡಿ

ಹೋದ ತಿಂಗಳು ನನಗೆ ಶಾಲು ಹೊದಿಸಿದರು. ನಾನು ಇಪ್ಪತ್ತಾರು ವರ್ಷ ದುಡಿದ ವೈದ್ಯಕೀಯ ಕಾಲೇಜಿನಲ್ಲಿ ಕುಟುಂಬ ವೈದ್ಯಕ್ಕೆಂದೇ ಒಂದು ಹೊಸ ವಿಭಾಗ ತೆರೆದಿದ್ದಾರೆ. ಅದರ ಮುಖ್ಯಸ್ಥ ಒಂದು ಕಾಲದ ನನ್ನ ವಿದ್ಯಾರ್ಥಿ. ಮೈಕಿನ ಮುಂದೆ ನಿಂತು, ರೋಗಿಯ ಆರೈಕೆ, ಪಾಠ, ಸಂಶೋಧನೆ ಮೂರೂ ಒಬ್ಬರಲ್ಲೇ ಸೇರಿದ ಸಂಗಮ ಎಂದು ನನ್ನನ್ನು ಹೊಗಳಿದ. ಚಪ್ಪಾಳೆ ಬಿತ್ತು. ನಾನು ತಲೆ ತಗ್ಗಿಸಿದೆ. ಮುಂದಿನ ಸಾಲಿನಲ್ಲಿ ಕೂತವರು ಅದನ್ನು ವಿನಯ ಎಂದುಕೊಂಡಿರಬೇಕು.

ಹೊರಗೆ ಬರುವಾಗ ಲಿಫ್ಟು ಕೆಟ್ಟಿತ್ತು, ಹಳೆಯ ವಾರ್ಡಿನ ಮುಂದೆ ಹಾದು ಮೆಟ್ಟಿಲಿಗೆ ಹೋಗಬೇಕಾಯಿತು. ಫಿನಾಯಿಲು ಮತ್ತು ಉಪ್ಪಿಟ್ಟಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ಈ ಎರಡು ವಾಸನೆ ಸೇರಿದರೆ ಅದು ಪರೀಕ್ಷೆಯ ದಿನ ಎಂದು ನಮ್ಮಂಥವರಿಗೆ ಯಾರೂ ಹೇಳಬೇಕಾಗಿಲ್ಲ. ರೋಗದ ಗುರುತು ಎದ್ದು ಕಾಣುವ ರೋಗಿಗಳನ್ನು ಊರೆಲ್ಲ ಹುಡುಕಿ ಕರೆತಂದು, ತಿಂಡಿ ಕೊಟ್ಟು, ಮಂಚದ ಮೇಲೆ ಮಲಗಿಸಿರುತ್ತಾರೆ. ವಿದ್ಯಾರ್ಥಿಗಳು ಬಂದು ಮುಟ್ಟಿ, ತಟ್ಟಿ, ಕೇಳಿ, ಇಂಥ ರೋಗ ಎಂದು ಹೇಳಬೇಕು. ಆ ರೋಗಿಗಳಿಗೆ ಎಕ್ಸಾಮ್ ಕೇಸು ಎಂದು ಹೆಸರು. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ಅವಳ ಮೇಲೆ ಬಾಗಿದ್ದ ಹುಡುಗಿ ನಡುಗುವ ದನಿಯಲ್ಲಿ, "ಆಯೀ, ಡಾವ್ಯಾ ಕುಶೀವರ ವಳಾ" ಎಂದಳು. ಅಮ್ಮಾ, ಎಡಕ್ಕೆ ಹೊರಳಿ. ಅಷ್ಟು ಕೇಳಿದ್ದೇ ಮೆಟ್ಟಿಲ ಕಡೆ ತಿರುಗಿದೆ. ಹೆಗಲ ಮೇಲಿನ ಶಾಲನ್ನು ಮಡಚಿ ಚೀಲಕ್ಕೆ ತುರುಕಿ, ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ.

ಎಂಬತ್ತರ ದಶಕದ ಕೊನೆ. ನಾನು ಮೈಸೂರಿನಿಂದ ಮದುವೆಯಾಗಿ ಈ ಮಹಾನಗರಕ್ಕೆ ಬಂದು ಹತ್ತು ವರ್ಷವಾಗಿತ್ತು. ಗಂಡನಿಗೆ ಫೋರ್ಟ್ ಪ್ರದೇಶದಲ್ಲಿ ಬ್ಯಾಂಕಿನ ಕೆಲಸ, ಮನೆ ದಹಿಸರಿನಲ್ಲಿ, ನನ್ನ ಬೆಳಗು ಚೆಂಬೂರಿನಲ್ಲಿ. ದಹಿಸರಿನಿಂದ ದಾದರಿಗೊಂದು ಲೋಕಲ್ ರೈಲು, ಅಲ್ಲಿಂದ ಕುರ್ಲಾಕ್ಕೊಂದು, ಅಲ್ಲಿಂದ ಚೆಂಬೂರಿಗೆ ಮತ್ತೊಂದು. ಕಾಲೇಜು ಅಲ್ಲಿನ ಒಂದು ಚಾಳಿನ, ಅಂದರೆ ಸಾಲು ಕೋಣೆಗಳ ವಠಾರದ ಪಕ್ಕ ಎರಡು ಕೋಣೆಯ ಆರೋಗ್ಯ ಕೇಂದ್ರ ನಡೆಸುತ್ತಿತ್ತು. ಬೆಳಗ್ಗೆ ಅಲ್ಲಿ ರೋಗಿಗಳನ್ನು ನೋಡಬೇಕು, ಜೊತೆಗೆ ಕಳಿಸಿದ ಇಂಟರ್ನ್‌ಗಳಿಗೆ ಪಾಠ ಹೇಳಬೇಕು, ಮಧ್ಯಾಹ್ನ ಕಾಲೇಜಿಗೆ ಹೋಗಿ ಸಂಶೋಧನೆಯ ಕಾಗದ ತುಂಬಬೇಕು. ಕೇಳುವುದಕ್ಕೆ ಚೆಂದ. ಕಾಲೇಜಿನ ಹೃದಯದ ಡಾಕ್ಟರು, ಮೂತ್ರಪಿಂಡದ ಡಾಕ್ಟರು ಮಾತ್ರ ನನ್ನನ್ನು ಡಾಕ್ಟರುಗಳ ಲೆಕ್ಕಕ್ಕೇ ಹಿಡಿದಿರಲಿಲ್ಲ. "ಮ್ಯಾಡಮ್, ಚೆಂಬೂರಿನಲ್ಲಿ ನೆಗಡಿ ಹೇಗಿದೆ?" ಎಂದು ಕ್ಯಾಂಟೀನಿನಲ್ಲಿ ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗೆಯ ಕೆಳಗೆ ಎಷ್ಟು ಉರಿಯಿತ್ತು ಎಂದು ನನಗೊಬ್ಬಳಿಗೇ ಗೊತ್ತು, ಮುಂದೆ ನಡೆದದ್ದಕ್ಕೆಲ್ಲ ಆ ಉರಿಯೇ ಮೂಲ.

ನಾನು ಹಿಡಿದ ಸಂಶೋಧನೆ ಸಣ್ಣದು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟವರಿಗೆ, ಆ ಜ್ವರ ಮರಳಿ ಬಾರದಂತೆ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಬೇಕು. ಅದು ವಿಪರೀತ ನೋಯುವ ಇಂಜೆಕ್ಷನ್. ದೊಡ್ಡಾಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ನಿಂತು ಅದನ್ನು ಹಾಕಿಸಿಕೊಳ್ಳಲು ಜನ ಎರಡು ಸಲ ಬರುತ್ತಾರೆ, ಮೂರನೇ ಸಲಕ್ಕೆ ನಾಪತ್ತೆ. ಮನೆ ಹತ್ತಿರದ ಡಾಕ್ಟರೇ ನೆನಪಿಟ್ಟು ಹಾಕಿದರೆ ಬಿಡದೆ ಹಾಕಿಸಿಕೊಳ್ಳುತ್ತಾರೆಯೇ? ನನ್ನ ಪ್ರಶ್ನೆ ಇಷ್ಟೇ. ಒಬ್ಬೊಬ್ಬರಿಗೆ ಹನ್ನೆರಡು ಇಂಜೆಕ್ಷನ್, ಒಬ್ಬೊಬ್ಬರಿಗೆ ಒಂದು ಹಳದಿ ಕಾರ್ಡು.

ನಲವತ್ತೊಂದನೇ ಕಾರ್ಡು ಸುಮತಿಯದು. ಉಡುಪಿ ಕಡೆಯವಳು, ಇಪ್ಪತ್ತೈದು ವರ್ಷ, ಮದುವೆಯಾಗಿ ನಾಲ್ಕು ವರ್ಷ. ಗಂಡ ಶೇಖರ ಫೋರ್ಟಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು. ಅವಳ ಹೃದಯದ ಎರಡು ಕೋಣೆಗಳ ನಡುವಿನ ಕವಾಟ ಅರ್ಧಕ್ಕೆ ಸಿಕ್ಕಿಕೊಂಡ ಅಂಗಡಿಯ ಶಟರಿನ ಹಾಗೆ, ಪೂರ್ತಿ ತೆರೆಯುತ್ತಿರಲಿಲ್ಲ. ಚಾಳಿನ ಎರಡನೇ ಮಹಡಿಯ ತನ್ನ ಒಂದೇ ಕೋಣೆಯ ಖೋಲಿಗೆ ಒಂದು ಬಿಂದಿಗೆ ನೀರು ಹೊರುವಷ್ಟರಲ್ಲಿ ಮೂರು ಕಡೆ ನಿಲ್ಲುತ್ತಿದ್ದಳು. ಬಾಯಿ ಮಾತ್ರ ಎಲ್ಲೂ ನಿಲ್ಲುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಒಂದು ದಿನ ಕುರ್ಲಾದಲ್ಲಿ ಹಳಿಗಳು ಮುಳುಗಿ ಲೋಕಲ್ ನಿಂತವು. ನಾನು ಮೊಣಕಾಲುದ್ದ ನೀರಿನಲ್ಲಿ ನಡೆದು, ಸೀರೆ ಹಿಂಡಿಕೊಂಡು ಕೇಂದ್ರಕ್ಕೆ ಬಂದರೆ ಬಾಗಿಲ ಮುಂದೆ ಒಬ್ಬಳೇ ಕೂತಿದ್ದಳು. ಅವತ್ತು ಅವಳ ಐದನೇ ಇಂಜೆಕ್ಷನ್.

"ಇಂಥ ಮಳೇಲಿ ಯಾಕಮ್ಮ ಬಂದೆ? ನಾಳೆ ಬಂದಿದ್ರೆ ಆಗ್ತಿರ್ಲಿಲ್ವಾ?" ಎಂದೆ.

"ನೀವು ಬರ್ತೀರಿ ಅಂತ ಗೊತ್ತುಂಟಲ್ಲ ಡಾಕ್ಟ್ರೆ. ಬಂದವ್ರು ಕಾರ್ಡು ಹಿಡ್ಕೊಂಡು ಸಪ್ಪೆ ಮುಖ ಮಾಡಿ ಕೂತ್ಕೊಳ್ಳುದು ಬೇಡ ಅಂತ ನಾನೇ ಬಂದೆ."

ನನ್ನನ್ನು ಅಷ್ಟು ಸರಿಯಾಗಿ ಓದಿದವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಇಂಜೆಕ್ಷನ್ ಚುಚ್ಚಿದಾಗ ಹಲ್ಲು ಕಚ್ಚಿ, ಆಮೇಲೆ ಸೊಂಟ ತಿಕ್ಕಿಕೊಳ್ಳುತ್ತ, "ಇದನ್ನು ಕಂಡುಹಿಡಿದವನಿಗೆ ಒಮ್ಮೆ ಹಾಕ್ಬೇಕಿತ್ತು" ಎಂದು ನಕ್ಕಳು. ಹಳದಿ ಕಾರ್ಡಿನಲ್ಲಿ ಐದನೇ ಗುರುತು ಹಾಕಿದೆ. ನನಗೆ ಅವಳ ಮೇಲೆ ನಿಜವಾಗಿಯೂ ಪ್ರೀತಿಯಿತ್ತು. ಆ ಗುರುತಿನ ಮೇಲೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಆಗ ಯಾರೂ ಕೇಳಲಿಲ್ಲ.

ಬುಧವಾರ ಇಂಟರ್ನ್‌ಗಳಿಗೆ ಪಾಠ. ಸುಮತಿಯ ಎದೆಯಲ್ಲಿ ಕೇಳುವ ಸದ್ದು ಪಠ್ಯಪುಸ್ತಕದಲ್ಲಿ ಬರೆದಂತೆಯೇ ಇತ್ತು, ದೂರದಲ್ಲಿ ಗಾಡಿ ಸೇತುವೆ ದಾಟುವಾಗ ಬರುವಂಥ ಮೆಲ್ಲನೆಯ ಗುಡುಗುಡು. ಅದು ಎಲ್ಲರಿಗೂ ಸುಲಭಕ್ಕೆ ಕೇಳಿಸದು. ರೋಗಿ ಎಡಕ್ಕೆ ಹೊರಳಬೇಕು, ಉಸಿರನ್ನು ಪೂರ್ತಿ ಬಿಟ್ಟು ಹಾಗೇ ಹಿಡಿದುಕೊಳ್ಳಬೇಕು, ಸ್ಟೆತಸ್ಕೋಪನ್ನು ಎದೆಯ ತುದಿಗೆ ಹಗುರವಾಗಿ ಇಡಬೇಕು. "ಎಡಕ್ಕೆ ಹೊರಳು. ಉಸಿರು ಬಿಡು. ಹಿಡಿ." ಕೇಳಿಯಾದ ಮೇಲೆ ನಾನು "ಸಾಕು" ಎನ್ನಬೇಕು, ಆಗ ಅವಳು ಉಸಿರೆಳೆಯಬೇಕು. ಎರಡೇ ವಾರಕ್ಕೆ ಕಲಿತಳು. ನಾನು ಕೋಣೆಗೆ ಬಂದರೆ ಸಾಕು, ಹೇಳುವ ಮೊದಲೇ ಹೊರಳುತ್ತಿದ್ದಳು. ಸದ್ದು ಸಿಗದೆ ಬೆವರುವ ಹುಡುಗರಿಗೆ ತಾನೇ ಬೆರಳಿಟ್ಟು ಜಾಗ ತೋರಿಸುತ್ತಿದ್ದಳು. "ಈ ಉದ್ದದ ಹುಡುಗನಿಗೆ ಕಿವಿ ಕೇಳ್ಳಿಕ್ಕಿಲ್ಲ ಡಾಕ್ಟ್ರೆ, ಸುಮ್ನೆ ತಲೆ ಆಡಿಸ್ತಾನೆ," ಎಂದು ಕನ್ನಡದಲ್ಲಿ ಹೇಳುತ್ತಿದ್ದಳು, ಆ ಹುಡುಗನಿಗೆ ಅರ್ಥವಾಗದೆ ನಗುತ್ತಿದ್ದ. ಅವಳು ಹೇಳಿದ್ದು ಎಷ್ಟೋ ಸಲ ನಿಜವಾಗಿರುತ್ತಿತ್ತು.

ಸುಮತಿಗೆ ಬೇಕಿದ್ದದ್ದು ಮಗು. ಆ ಕವಾಟ ಇಟ್ಟುಕೊಂಡು ಬಸಿರಾದರೆ ಜೀವಕ್ಕೇ ಕುತ್ತು ಎಂದು ನಾನೇ ತಡೆದಿದ್ದೆ. ಆಗಿನ ಕಾಲದಲ್ಲಿ ಎದೆ ತೆರೆದು, ಹೃದಯದೊಳಗೆ ಬೆರಳು ಹಾಕಿ ಕವಾಟವನ್ನು ಬಿಡಿಸುವ ಆಪರೇಷನ್ನಿತ್ತು. ಅದಾದರೆ ಒಂದು ವರ್ಷದಲ್ಲಿ ಮಗುವಿನ ಯೋಚನೆ ಮಾಡಬಹುದು. ಅದಕ್ಕೆ ಕಾಯುವವರ ಪಟ್ಟಿ ಮಾತ್ರ ಉದ್ದ. ನಾನೇ ಓಡಾಡಿ ಅವಳ ಹೆಸರು ಬರೆಸಿದೆ. ಇದನ್ನು ಹೇಳಿಕೊಳ್ಳಲೇಬೇಕು, ಯಾಕೆಂದರೆ ಆ ವರ್ಷ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ದಸರೆಯ ಹೊತ್ತಿಗೆ ಮೆಡಿಸಿನ್ ವಿಭಾಗದ ದೊಡ್ಡ ಪ್ರೊಫೆಸರು ಯಾವುದೋ ತಪಾಸಣೆಗೆಂದು ನಮ್ಮ ಕೇಂದ್ರಕ್ಕೆ ಬಂದರು. ಸುಮತಿಯ ಎದೆಗೆ ಸ್ಟೆತಸ್ಕೋಪಿಟ್ಟು ಕಣ್ಣು ಮುಚ್ಚಿದರು. ತೆರೆದಾಗ ಅವರ ಮುಖದಲ್ಲಿ ಸಂಗೀತ ಕೇಳಿದವರ ಖುಷಿಯಿತ್ತು. "ಮ್ಯಾಡಮ್, ಏಕದಂ ಕ್ಲಾಸಿಕ್! ನವೆಂಬರಿನ ಪರೀಕ್ಷೆಗೆ ಈ ಕೇಸು ಬೇಕೇ ಬೇಕು. ಹೊರಗಿನ ಪರೀಕ್ಷಕರು ಬರ್ತಾರೆ. ಅವತ್ತು ನೀವೂ ನಮ್ಮ ಜೊತೆ ಕೂತ್ಕೊಳ್ಳಿ," ಎಂದರು. ಜೊತೆ ಕೂರುವುದು ಎಂದರೆ ಪರೀಕ್ಷಕರ ಮೇಜಿಗೆ. ನೆಗಡಿ ಡಾಕ್ಟರಿಗೆ ಕುರ್ಚಿ! ಅವತ್ತು ಮೂರು ಲೋಕಲ್ ಬದಲಾಯಿಸಿ ಮನೆ ಸೇರುವವರೆಗೂ ನನ್ನ ಕಾಲು ನೆಲದ ಮೇಲಿರಲಿಲ್ಲ.

ದೀಪಾವಳಿ ಕಳೆದು ವಾರಕ್ಕೆ ಸರ್ಜರಿ ವಿಭಾಗದ ಕಾಗದ ಬಂತು. ಬರುವ ಸೋಮವಾರ ಸುಮತಿ ಬಂದು ಸೇರಬೇಕು. ಪರೀಕ್ಷೆ ಅದರ ಮುಂದಿನ ವಾರದ ಬುಧವಾರ, ಗುರುವಾರ. ಆಪರೇಷನ್ ಆಯಿತೆಂದರೆ ಆ ಸದ್ದು ಹೋಗುತ್ತದೆ, ಕೇಸು ಹೋಗುತ್ತದೆ. ಅವಳ ಹನ್ನೆರಡನೇ ಇಂಜೆಕ್ಷನ್ ಕೂಡ ಆ ನಡುವಿನ ಶುಕ್ರವಾರಕ್ಕೇ ಬರುತ್ತಿತ್ತು. ನಡುವೆ ಆಪರೇಷನ್ ಆದವರನ್ನು ಲೆಕ್ಕದಿಂದ ಬಿಡಬೇಕು ಎಂದು ನನ್ನ ಸಂಶೋಧನೆಗೆ ನಿಯಮ ಬರೆದವಳು ನಾನೇ. ಒಂದೂ ತಪ್ಪದೆ ಬಂದ ನನ್ನ ಅತ್ಯುತ್ತಮ ಕಾರ್ಡು ಬಿಟ್ಟುಹೋಗುತ್ತಿತ್ತು. ಕಾಗದವನ್ನು ಎರಡು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಹತ್ತು ದಿನದಲ್ಲಿ ಏನಾಗಿಬಿಡುತ್ತದೆ ಎಂದು ಡಾಕ್ಟರಾಗಿ ನನ್ನನ್ನೇ ಕೇಳಿಕೊಂಡೆ. ಡಾಕ್ಟರಾಗಿ ಕೇಳಲಿಲ್ಲ ಎಂಬುದು ಈಗ ಗೊತ್ತು.

"ಸುಮತಿ, ಆಪರೇಷನ್ನು ಒಂದು ಹತ್ತು ಹದಿನೈದು ದಿನ ಮುಂದಕ್ಕೆ ಹಾಕಿಸ್ಲಾ? ಪರೀಕ್ಷೆಗೆ ನೀನು ಬಂದ್ರೆ ಹುಡುಗರಿಗೆ ಅನುಕೂಲ ಆಗುತ್ತೆ," ಎಂದೆ.

ಅವಳು ನನ್ನ ಮುಖ ನೋಡಿದಳು. "ನಿಮಗೆ ಒಳ್ಳೇದಾಗ್ತದಾ ಡಾಕ್ಟ್ರೆ?"

"ನಂಗೂ ಆಗುತ್ತೆ," ಎಂದೆ. ಅಷ್ಟು ಮಾತ್ರ ಸತ್ಯ ಹೇಳಿದೆ.

"ಹಾಗಾದ್ರೆ ಆಯ್ತು. ನಾಲ್ಕು ವರ್ಷ ಕಾದವಳಿಗೆ ಹತ್ತು ದಿನ ಎಂತ?"

"ಶೇಖರ್‌ಗೆ ಬೆಡ್ ಖಾಲಿ ಇಲ್ಲ ಅಂತ ಹೇಳ್ತೀನಿ. ಸುಮ್ನೆ ಬೇಜಾರು ಮಾಡ್ಕೋತಾರೆ."

"ಅವ್ರಿಗೆ ನಾನು ಹೇಳ್ಳಿಕ್ಕೆ ಹೋಗುದಿಲ್ಲ ಮಾರಾಯ್ರೆ," ಎಂದು ನಕ್ಕಳು. ನಮ್ಮಿಬ್ಬರ ನಡುವಿನ ಗುಟ್ಟೆಂದು ಅವಳಿಗೆ ಖುಷಿಯೇ ಆದಂತಿತ್ತು. ಅವಳೆದುರೇ ಸರ್ಜನ್ನಿಗೆ ಫೋನು ಮಾಡಿ, ರೋಗಿಗೆ ಸ್ವಲ್ಪ ಜ್ವರ ಎಂದೆ. ಆ ಸೋಮವಾರದ ಮಂಚ ಬೇರೆ ಯಾರಿಗೋ ಹೋಯಿತು.

ಪರೀಕ್ಷೆಯ ಮೊದಲ ದಿನ ಸುಮತಿ ಹಬ್ಬಕ್ಕೆ ಬಂದವಳ ಹಾಗೆ ತಲೆಗೆ ಅಬ್ಬಲಿಗೆ ಮುಡಿದು ಬಂದಳು. ಉಪ್ಪಿಟ್ಟು ತಿಂದು, ಉಪ್ಪು ಕಡಿಮೆ ಎಂದು ಟೀಕಿಸಿದಳು. ಅಳು ಬಂದಂತೆ ನಿಂತಿದ್ದ ಒಬ್ಬ ಹುಡುಗಿಗೆ ಪರೀಕ್ಷಕರು ಅತ್ತ ತಿರುಗಿದಾಗ "ಮೈಟ್ರಲ್, ಮೈಟ್ರಲ್" ಎಂದು ಕವಾಟದ ಹೆಸರನ್ನೇ ಪಿಸುಗುಟ್ಟಿದಳಂತೆ. ನಾನು ಇಸ್ತ್ರಿ ಮಾಡಿದ ಕೋಟು ಹಾಕಿ ದೊಡ್ಡವರ ಮೇಜಿನಲ್ಲಿ ಕೂತು, ನನ್ನ ಕೇಸಿನ ಬಗ್ಗೆ ಅವರೆಲ್ಲ ಮೆಚ್ಚಿ ಆಡಿದ ಮಾತುಗಳನ್ನು ಕೇಳುತ್ತಿದ್ದೆ. ಎರಡನೇ ದಿನ ಹನ್ನೊಂದರ ಹೊತ್ತಿಗೆ ಮಂಚದ ಹತ್ತಿರ ಹೋದಾಗ ಅವಳು ನನ್ನ ಕೈ ಹಿಡಿದಳು.

"ಡಾಕ್ಟ್ರೆ, ಎದೆ ಒಂಥರಾ ಗಡಿಬಿಡಿ ಮಾಡ್ತಾ ಉಂಟು."

ನಾಡಿ ಹಿಡಿದರೆ ತಾಳ ತಪ್ಪಿತ್ತು. ಒಂದು ಹೊಡೆತ ಜೋರು, ಎರಡು ಮೆಲ್ಲಗೆ, ಒಂದು ಇಲ್ಲವೇ ಇಲ್ಲ. ಇದರ ಅರ್ಥ ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತು. ತಾಳ ತಪ್ಪಿದ ಹೃದಯದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಚೂರು ಎದ್ದು ಮಿದುಳಿಗೂ ಹೋಗಬಹುದು. ಪ್ರೊಫೆಸರಿಗೆ ಹೇಳಿದೆ. ಅವರು ನಾಡಿ ನೋಡಿ, "ಅರೆ, ಇನ್ನೂ ಒಳ್ಳೆಯದಾಯ್ತು, ಇದನ್ನೂ ಕೇಳೋಣ," ಎಂದರು. ಇನ್ನು ಐದು ವಿದ್ಯಾರ್ಥಿಗಳಿದ್ದರು. ಅವಳನ್ನು ಅಲ್ಲಿಂದ ಎಬ್ಬಿಸಿ ಕರೆದೊಯ್ಯಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವಳು ನನ್ನ ರೋಗಿ. ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಆ ಐದು ಮಂದಿಗೂ ಅವಳು ಎಡಕ್ಕೆ ಹೊರಳಿದಳು.

ಸಂಜೆ ಔಷಧ ಶುರುಮಾಡಿಸಿದೆ. ಸರ್ಜನ್ ಪರೀಕ್ಷಿಸಿ, ತಾಳ ತಪ್ಪಿದ ಮೇಲೆ ಒಳಗೆ ಹೆಪ್ಪಿರಬಹುದು, ರಕ್ತ ತೆಳುವಾಗುವ ಮಾತ್ರೆ ಕೊಟ್ಟು ಕೆಲವು ವಾರ ಕಾಯದೆ ಬೆರಳು ಹಾಕಲಾರೆ ಎಂದರು. "ಮೊದಲ ದಿನಾಂಕಕ್ಕೇ ಬಂದಿದ್ರೆ ಈ ರಗಳೆ ಇರ್ತಿರ್ಲಿಲ್ಲ. ಆ ಜ್ವರ ಬಂದು ಕೆಡ್ತು ನೋಡಿ," ಎಂದೂ ಹೇಳಿದರು. ನಾನು ಹೌದು ಎಂದೆ.

ಡಿಸೆಂಬರಿನ ಒಂದು ಬೆಳಗ್ಗೆ, ನಳದಲ್ಲಿ ನೀರು ಬರುವ ಹೊತ್ತಿಗೆ, ಸಾಲಿನಲ್ಲಿ ಬಿಂದಿಗೆ ಹಿಡಿದು ನಿಂತಿದ್ದ ಸುಮತಿ ಬಿದ್ದಳು. ಪಕ್ಕದ ಖೋಲಿಯ ಮರಾಠಿ ಹೆಂಗಸರು ಎತ್ತಿಕೊಂಡು ಕೇಂದ್ರಕ್ಕೆ ತಂದರು. ಬಾಯಿ ಓರೆಯಾಗಿತ್ತು, ಬಲಗೈ ಬಲಗಾಲು ಸತ್ತಿದ್ದವು. ನಾನು "ಸುಮತಿ" ಎಂದು ಕೂಗಿದೆ. ಅವಳು ತುಟಿ ಅಲ್ಲಾಡಿಸಿದಳು, ಮಾತು ಬರಲಿಲ್ಲ. ಆಮೇಲೂ ಬರಲಿಲ್ಲ.

ಶೇಖರ ಫೋರ್ಟಿನಿಂದ ಹೋಟೆಲಿನ ಬನಿಯನ್ನಿನಲ್ಲೇ ಓಡಿಬಂದಿದ್ದ. ವಾರ್ಡಿನ ಹೊರಗೆ ಗೋಡೆಗೊರಗಿ ನಿಂತು ಹೇಳಿದ, "ನೀವು ಎಷ್ಟು ಓಡಾಡಿದ್ರಿ ಡಾಕ್ಟ್ರೆ. ಒಂದು ಬೆಡ್ ಕೊಡ್ಲಿಕ್ಕಾಗ್ಲಿಲ್ವಲ್ಲ ಈ ಆಸ್ಪತ್ರೆಯವ್ರಿಗೆ. ಬಡವ್ರು ಅಂದ್ರೆ ಎಂತ ಅಂತ ಮಾಡಿದ್ದಾರೆ ಇವ್ರು?" ಮುಂದಿನ ಭಾನುವಾರ ಹೋಟೆಲಿನಿಂದ ನನಗೆಂದು ಬಾಳೆಹಣ್ಣಿನ ಬನ್ಸಿನ ಪೊಟ್ಟಣ ತಂದುಕೊಟ್ಟ. ತೆಗೆದುಕೊಂಡೆ. ಇಲ್ಲದ ಜ್ವರದ ಸುಳ್ಳು, ಇದ್ದ ಬೆಡ್ಡಿನ ಸುಳ್ಳು ಎರಡೂ ನನ್ನ ಬಿಟ್ಟರೆ ಗೊತ್ತಿದ್ದವಳು ಒಬ್ಬಳೇ, ಅವಳ ಮಾತೇ ಹೋಗಿತ್ತು. ಅದು ಹೊಳೆದಾಗ ನನಗೆ ಒಂದು ಕ್ಷಣ ನೆಮ್ಮದಿಯಾಯಿತು. ಈ ಮಾತನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಆ ನೆಮ್ಮದಿಯನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಜನವರಿಯಲ್ಲಿ ನನ್ನ ಸಂಶೋಧನೆಯನ್ನು ಒಂದು ಸಮ್ಮೇಳನದಲ್ಲಿ ಓದಿದೆ. ಇಂಜೆಕ್ಷನ್ ಬಿಡದೆ ಹಾಕಿಸಿಕೊಂಡರೇ, ಕೀಲಿನ ಜ್ವರ ಮರಳಿತೇ, ನಾನು ಅಳೆದದ್ದು ಇವೆರಡನ್ನೇ. ನಲವತ್ತೊಂದನೇ ಕಾರ್ಡಿನಲ್ಲಿ ಹನ್ನೆರಡಕ್ಕೆ ಹನ್ನೆರಡು ಗುರುತಿದ್ದವು, ಜ್ವರ ಬಂದಿರಲಿಲ್ಲ. ಫಲಿತಾಂಶದ ಕಾಲಮ್ಮಿನಲ್ಲಿ ಉತ್ತಮ ಎಂದು ನನ್ನದೇ ಅಕ್ಷರದಲ್ಲಿತ್ತು. ಅದನ್ನು ತಿದ್ದುವಂಥ ಕಾಲಮ್ಮನ್ನು ನಾನು ಮಾಡಿಯೇ ಇರಲಿಲ್ಲ. ಬಡ್ತಿ ಬಂತು. ಪ್ರೊಫೆಸರು ಅಭಿನಂದಿಸಿ, "ಆ ನಿಮ್ಮ ಮೈಟ್ರಲ್ ಕೇಸು ಈಗ ಪಾರ್ಶ್ವವಾಯು ಸೇರಿ ಪರಿಪೂರ್ಣ ಆಯ್ತಲ್ಲ. ಏಪ್ರಿಲ್ ಪರೀಕ್ಷೆಗೆ ಕರ್ಕೊಂಡು ಬನ್ನಿ," ಎಂದರು. ಅವರನ್ನು ಕೆಟ್ಟವರೆಂದು ಬರೆದು ತಪ್ಪಿಸಿಕೊಳ್ಳುವ ಆಸೆ ನನಗೂ ಇದೆ. ಆದರೆ ಅವರು ಅವಳ ಹೆಸರನ್ನೇ ಕೇಳಿದವರಲ್ಲ. ನಾನು ಅವಳ ಕೈಯ ಕಾಫಿ ಕುಡಿದವಳು. ಆಗುವುದಿಲ್ಲ ಎಂದೆ. ಹೇಳಬೇಕಾದ ದಿನ ಕಳೆದು ಎರಡು ತಿಂಗಳಾಗಿತ್ತು.

ಫೆಬ್ರವರಿಯಲ್ಲಿ ಶೇಖರ ಅವಳನ್ನು ಊರಿಗೆ ಕರೆದೊಯ್ಯುತ್ತೇನೆ ಎಂದ. ಹೊರಡುವ ಹಿಂದಿನ ದಿನ ಅವನಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದು ನಿಶ್ಚಯಿಸಿ ಅವರ ಖೋಲಿಗೆ ಹೋದೆ. ಲೋಕಲಿನಲ್ಲಿ ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡಿದ್ದೆ. ಸ್ಟೆತಸ್ಕೋಪನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಖೋಲಿಯಲ್ಲಿ ಪೆಟ್ಟಿಗೆಗಳಿಗೆ ಹಗ್ಗ ಬಿಗಿದಿತ್ತು. ಸುಮತಿ ಗೋಡೆ ಬದಿಯ ಮಂಚದಲ್ಲಿದ್ದಳು, ಗುಂಡಗಿದ್ದ ಮುಖ ಬತ್ತಿ ಕಣ್ಣು ಮಾತ್ರ ಉಳಿದಿದ್ದವು. ಶೇಖರ ಸ್ಟೌ ಹಚ್ಚಿ ಕಾಫಿಗಿಟ್ಟ.

"ಶೇಖರ್, ನಿಮಗೊಂದು ವಿಷಯ ಹೇಳ್ಬೇಕು," ಎಂದು ಶುರುಮಾಡಿದೆ.

ನನ್ನ ದನಿ ಕೇಳಿದ್ದೇ ಸುಮತಿ ಮೈ ಅಲ್ಲಾಡಿಸಿದಳು. ಎಡಗೈಯಿಂದ ಸತ್ತ ಬಲಗೈಯನ್ನು ಹಿಡಿದೆತ್ತಿ, ಎದೆಯ ಮೇಲಿಂದ ಎಳೆದುಕೊಂಡು, ತಡೆದು, ಮತ್ತೆ ಎಳೆದು, ಮೆಲ್ಲಮೆಲ್ಲಗೆ ಎಡಕ್ಕೆ ಹೊರಳಿದಳು. ಉಸಿರನ್ನು ಪೂರ್ತಿ ಬಿಟ್ಟಳು. ಹಿಡಿದಳು.

"ನೋಡಿ ಡಾಕ್ಟ್ರೆ," ಶೇಖರನ ಕಣ್ಣಲ್ಲಿ ನೀರಿತ್ತು. "ನನ್ನ ಹೆಸರು ಹಿಡಿದು ಕರೀಲಿಕ್ಕೆ ಬರುದಿಲ್ಲ ಅವಳಿಗೆ. ನೀವು ಕಲಿಸಿದ್ದು ಮಾತ್ರ ಮರ್ತಿಲ್ಲ."

ಸ್ಟೌವಿನ ಸದ್ದು ಕೇಳುತ್ತಿತ್ತು. ಸುಮತಿ ಉಸಿರು ಹಿಡಿದೇ ಇದ್ದಳು, ಕಣ್ಣು ನನ್ನ ಬಾಯಿಯ ಮೇಲಿತ್ತು. ತುಟಿ ನೀಲಿಗಟ್ಟುತ್ತಿದ್ದದ್ದು ಕಂಡ ಮೇಲೆಯೇ ಅವಳು ಏನಕ್ಕೆ ಕಾಯುತ್ತಿದ್ದಾಳೆ ಎಂದು ನನಗೆ ಹೊಳೆದದ್ದು.

"ಸಾಕು ಸುಮತಿ," ಎಂದೆ. "ಸಾಕು."

ಅವಳು ಉಸಿರೆಳೆದಳು. ಶೇಖರ ಕಾಫಿಯ ಲೋಟ ನನ್ನ ಕೈಗಿಟ್ಟು, ಏನೋ ಹೇಳಬೇಕು ಅಂದ್ರಲ್ಲ ಎಂದು ನೆನಪಿಸಿದ. ಊರಿಗೆ ಹೋದ ಮೇಲೂ ಮಾತ್ರೆ ತಪ್ಪಿಸಬೇಡಿ ಎಂದು ಹೇಳಿ, ಕಾಫಿ ಚೆನ್ನಾಗಿದೆ ಎಂದೆ.